ಎರಡು ಆಂಪ್, ಒಂದು ಜೋಡಿ ಸ್ಪೀಕರ್: ಮನೆಯ ಹೈ-ಫೈಗೆ ಬೈ-ಆಂಪಿಂಗ್ ಮಾಡುವುದು ಹೇಗೆ

ಸ್ವಲ್ಪ ಒಳ್ಳೆಯ ಸ್ಪೀಕರ್ ಕೊಂಡವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬರುತ್ತದೆ. ಹಿಂದುಗಡೆ ಎರಡು ಟರ್ಮಿನಲ್ ಸಾಕಿತ್ತು, ನಾಲ್ಕು ಯಾಕೆ ಕೊಟ್ಟಿದ್ದಾರೆ? ಮೇಲಿನ ಜೋಡಿಯನ್ನೂ ಕೆಳಗಿನ ಜೋಡಿಯನ್ನೂ ಲೋಹದ ಪಟ್ಟಿಗಳು ಸೇರಿಸಿರುತ್ತವೆ. ಅವನ್ನು ತೆಗೆದರೆ ತೆಳು ಸದ್ದು ನುಡಿಸುವ ಟ್ವೀಟರ್‌ಗೆ ಒಂದು ದಾರಿ, ದಪ್ಪ ಸದ್ದು ನುಡಿಸುವ ವೂಫರ್‌ಗೆ ಇನ್ನೊಂದು ದಾರಿ. ಒಂದೊಂದಕ್ಕೆ ಒಂದೊಂದು ಆಂಪ್ (ಆಂಪ್ಲಿಫೈಯರ್) ಹಾಕಬಹುದು. ಇದೇ ಬೈ-ಆಂಪಿಂಗ್.

ಕಪಾಟಿನಲ್ಲಿ ಹಳೇ ಆಂಪ್ ಒಂದು ಸುಮ್ನೆ ಕೂತಿದ್ದರೆ ಆಸೆ ಇನ್ನೂ ಜಾಸ್ತಿ. ಎರಡು ಆಂಪ್ ಹಾಕಿದರೆ ಶಕ್ತಿಯೂ ಎರಡು ಪಟ್ಟು ಅಂತ ಅಂಗಡಿಯಲ್ಲೂ ಹೇಳಿಬಿಡುತ್ತಾರೆ. ಅಷ್ಟು ಸುಲಭವಾಗಿದ್ದರೆ ಚೆನ್ನಾಗಿತ್ತು. ನಿಜವಾದ ಲಾಭ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಕ್ರಾಸ್‌ಓವರ್ ಎಲ್ಲಿ ಕೂತಿದೆ ಅನ್ನುವ ಸಂಗತಿ. ಆಂಪ್‌ಗಳ ಎಣಿಕೆ ಆಮೇಲಿನ ಮಾತು.

ಮೊದಲು ಒಂದು ಲೆಕ್ಕ

ಕ್ರಾಸ್‌ಓವರ್ ಮಾಡುವ ಕೆಲಸ ಇಷ್ಟೇ: ದಪ್ಪ ಸದ್ದನ್ನು ವೂಫರ್‌ಗೂ ತೆಳು ಸದ್ದನ್ನು ಟ್ವೀಟರ್‌ಗೂ ಕಳಿಸುವುದು. ಮಾಮೂಲಿ ಸ್ಪೀಕರ್‌ನಲ್ಲಿ ಇದು ಪೆಟ್ಟಿಗೆಯ ಒಳಗೆ, ಅಂದರೆ ಆಂಪ್ ದಾಟಿದ ಮೇಲೆ ಇರುತ್ತದೆ. ಕಾಯಿಲು, ಕೆಪಾಸಿಟರು, ರೆಸಿಸ್ಟರು ಕೂರಿಸಿದ ಒಂದು ಬೋರ್ಡು. ಇದಕ್ಕೆ ಪ್ಯಾಸಿವ್ ಕ್ರಾಸ್‌ಓವರ್ ಅನ್ನುತ್ತಾರೆ. ಆಂಪ್‌ಗಿಂತ ಮೊದಲೇ, ಸಿಗ್ನಲ್ ಇನ್ನೂ ಚಿಕ್ಕದಿರುವಾಗಲೇ ಭಾಗ ಮಾಡಿದರೆ ಅದು ಆಕ್ಟಿವ್.

ಈಗ 8 ಓಮ್‌ನ ಒಂದು ಸ್ಪೀಕರ್ ಇಟ್ಟುಕೊಳ್ಳಿ. ಮೃದಂಗದ ಎಡಗೈ ಏಟಿಗೆ 20 ವೋಲ್ಟ್ ಪೀಕ್ ಬೇಕು ಅನ್ನಿ. ಅದೇ ಕ್ಷಣಕ್ಕೆ ಬಿದ್ದ ತಾಳದ ಝಣತ್ಕಾರಕ್ಕೆ ಇನ್ನೊಂದು 20 ವೋಲ್ಟ್. ಎರಡೂ ಒಟ್ಟಿಗೆ ಬಂದಾಗ ಒಂದೇ ಆಂಪ್ ಇದ್ದರೆ ಅದು 40 ವೋಲ್ಟ್‌ಗೆ ಏರಬೇಕು. 8 ಓಮ್‌ಗೆ 20 ವೋಲ್ಟ್ ಪೀಕ್ ಅಂದರೆ 25 ವ್ಯಾಟ್. 40 ವೋಲ್ಟ್ ಅಂದರೆ 100 ವ್ಯಾಟ್. ವೋಲ್ಟ್ ಎರಡು ಪಟ್ಟಾದರೆ ವ್ಯಾಟ್ ನಾಲ್ಕು ಪಟ್ಟಾಗುತ್ತದೆ.

ಆಂಪ್‌ಗಿಂತ ಮೊದಲೇ ಭಾಗ ಮಾಡಿದ್ದರೆ? ಒಂದು ಆಂಪ್‌ಗೆ ಮೃದಂಗದ 20 ವೋಲ್ಟ್ ಮಾತ್ರ, ಇನ್ನೊಂದಕ್ಕೆ ತಾಳದ 20 ವೋಲ್ಟ್ ಮಾತ್ರ. ತಲಾ 25 ವ್ಯಾಟಿನ ಎರಡು ಆಂಪ್ ಸೇರಿ 100 ವ್ಯಾಟಿನ ಒಂದು ಆಂಪ್‌ನ ಕೆಲಸ ಮಾಡಿದವು. ನಿಜವಾದ ಸಂಗೀತದಲ್ಲಿ ತೆಳು ಸದ್ದಿನ ವೋಲ್ಟ್ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ಲಾಭ ಪೂರ್ತಿ ನಾಲ್ಕು ಪಟ್ಟು ಬರುವುದು ಅಪರೂಪ. ಆದರೂ ದೊಡ್ಡದೇ. ಜೊತೆಗೆ, ಮೃದಂಗದ ಆಂಪ್ ತನ್ನ ಮಿತಿ ಮುಟ್ಟಿ ಕ್ಲಿಪ್ ಆದರೂ, ಅಂದರೆ ಅಲೆಯ ತುದಿ ಕತ್ತರಿಸಿಹೋದರೂ, ತಾಳದ ಸದ್ದು ಕೆಡುವುದಿಲ್ಲ.

ಸ್ಪೀಕರ್ ಹಿಂದಿನ ಪಟ್ಟಿ ತೆಗೆದು ಮಾಡುವ ಪ್ಯಾಸಿವ್ ಬೈ-ಆಂಪಿಂಗ್‌ನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಎರಡೂ ಆಂಪ್‌ಗೆ ಪೂರ್ತಿ ಹಾಡೇ ಹೋಗುತ್ತದೆ. ಎರಡೂ 40 ವೋಲ್ಟ್‌ಗೆ ಏರಲೇಬೇಕು. ತಲಾ 25 ವ್ಯಾಟಿನ ಎರಡು ಇದ್ದರೂ ಎರಡೂ ಅದೇ ಜಾಗದಲ್ಲಿ ಕ್ಲಿಪ್ ಆಗುತ್ತವೆ. ಹಂಚಿಕೆಯಾಗುವುದು ಕರೆಂಟು ಮಾತ್ರ. ತನಗೆ ಬೇಡದ ಸ್ವರಗಳಿಗೆ ಆ ಭಾಗದ ಕ್ರಾಸ್‌ಓವರ್ ದೊಡ್ಡ ಇಂಪೀಡೆನ್ಸ್ (ಕರೆಂಟಿಗೆ ತಡೆ) ತೋರಿಸುವುದರಿಂದ ಆಂಪ್ ಅಲ್ಲಿ ಹೆಚ್ಚು ಕರೆಂಟು ಕೊಡಬೇಕಾಗುವುದಿಲ್ಲ. ವೂಫರ್ ಜೋರಾಗಿ ಎಳೆದಾಗ ಟ್ವೀಟರ್‌ನ ಆಂಪ್‌ನ ಪವರ್ ಸಪ್ಲೈ ಕುಸಿಯುವುದೂ ಇಲ್ಲ. ಲಾಭ ಇದೆ, ಆದರೆ ಚಿಕ್ಕದು.

ನಿಮಗೆ ಇದು ಬೇಕಾ?

ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಎಷ್ಟು ಜೋರು ಅನ್ನುವುದು) 87 ಡೆಸಿಬೆಲ್, ಅಂದರೆ 87 ಡಿಬಿ ಇರುವ ಸ್ಪೀಕರ್, ಸಾಧಾರಣ ಹಾಲ್, ಎರಡು ಮೂರು ಮೀಟರ್ ದೂರದಲ್ಲಿ ಸೋಫಾ. ಮನೆಯವರು ಬಯ್ಯದಷ್ಟು ವಾಲ್ಯೂಮ್‌ನಲ್ಲಿ ಕೇಳುವಾಗ ಸರಾಸರಿ ಖರ್ಚಾಗುವುದು ಒಂದೆರಡು ವ್ಯಾಟ್. ಇದಕ್ಕೆ ಇನ್ನೊಂದು ಆಂಪ್ ಸೇರಿಸಿ ಏನಾಗಬೇಕು? ವ್ಯಾಟ್ ಎರಡು ಪಟ್ಟಾದರೂ ಸಿಗುವುದು 3 ಡಿಬಿ. ಕಿವಿಗೆ ಅದು ‘ಸ್ವಲ್ಪ ಜೋರು’, ಅಷ್ಟೇ. ಸ್ಪೀಕರನ್ನು ಗೋಡೆಯಿಂದ ಅರ್ಧ ಮೀಟರ್ ಮುಂದೆ ಎಳೆದರೆ ಬಾಸ್‌ನಲ್ಲಿ ಆಗುವ ಬದಲಾವಣೆ ಇದಕ್ಕಿಂತ ಜಾಸ್ತಿ, ಅದಕ್ಕೆ ದುಡ್ಡೂ ಬೇಕಿಲ್ಲ.

ವಾಲ್ಯೂಮ್ ಏರಿಸಿದಾಗ ಹಾಡು ಚುಚ್ಚುತ್ತದೆ, ಬಾಸ್ ಸಡಿಲವಾಗುತ್ತದೆ ಅನ್ನುವವರು ಮುಂದೆ ಓದಿ. ನಿಮ್ಮದು ತ್ರೀ-ವೇ ಸ್ಪೀಕರ್ (ವೂಫರ್, ಟ್ವೀಟರ್ ಜೊತೆಗೆ ನಡುವಿನ ಸದ್ದಿಗೆ ಮಿಡ್ ಕೂಡ ಇರುವುದು) ಆಗಿದ್ದರೂ ಓದಿ. ಅವುಗಳಲ್ಲಿ ಕೆಳಗಿನ ಜೋಡಿ ವೂಫರ್‌ಗೆ, ಮೇಲಿನ ಜೋಡಿ ಮಿಡ್-ಟ್ವೀಟರ್ ಎರಡಕ್ಕೂ ಸೇರಿ ಇರುತ್ತದೆ. ಭಾಗವಾಗುವ ಜಾಗ 300ರಿಂದ 500 ಹರ್ಟ್ಸ್ ಆಸುಪಾಸಿನಲ್ಲಿದ್ದರೆ ಎರಡೂ ಆಂಪ್ ಹೆಚ್ಚುಕಡಿಮೆ ಸಮಪಾಲು ದುಡಿಯುತ್ತವೆ. ವೂಫರ್, ಟ್ವೀಟರ್ ಎರಡೇ ಇರುವ ಟೂ-ವೇ ಸ್ಪೀಕರ್ ಭಾಗವಾಗುವುದು 2000–3000 ಹರ್ಟ್ಸ್‌ನಲ್ಲಿ. ಅಲ್ಲಿ ಟ್ವೀಟರ್‌ನ ಪಾಲು ಬಹಳ ಸಣ್ಣದು. ಅದರ ಆಂಪ್ ಹೆಚ್ಚಿನ ಹೊತ್ತು ನಿದ್ದೆಯಲ್ಲೇ ಇರುತ್ತದೆ.

ನಾಲ್ಕು ಟರ್ಮಿನಲ್ ಇಲ್ಲದ ಸ್ಪೀಕರ್ ಕಡಿಮೆ ದರ್ಜೆಯದು ಅಂದುಕೊಳ್ಳಬೇಡಿ. ಡೆನ್ಮಾರ್ಕಿನ ಡೈನಾಡಿಯೊ ಕಂಪನಿ ದುಬಾರಿ ಮಾಡೆಲ್‌ಗಳಿಗೂ ಎರಡೇ ಟರ್ಮಿನಲ್ ಕೊಡುವುದಕ್ಕೆ ಹೆಸರಾಗಿದೆ.

ಮೊದಲ ದಾರಿ: ಪಟ್ಟಿ ತೆಗೆದು ಎರಡು ಆಂಪ್

ಹಂತ 1. ಎಲ್ಲದರ ಪ್ಲಗ್ ಕಿತ್ತಿಡಿ. ಸ್ಪೀಕರ್ ಹಿಂದಿನ ಪಟ್ಟಿ ತೆಗೆಯಿರಿ. ಪ್ಲಸ್ ಕಡೆಯದು, ಮೈನಸ್ ಕಡೆಯದು, ಎರಡನ್ನೂ. ಕೆಇಎಫ್‌ನ ಕೆಲವು ಮಾಡೆಲ್‌ಗಳಲ್ಲಿ ಪಟ್ಟಿಯೇ ಇರುವುದಿಲ್ಲ. ಟರ್ಮಿನಲ್‌ಗಳ ನಡುವೆ ತಿರುಗಿಸುವ ಗುಂಡಿ ಇರುತ್ತದೆ, ಅದನ್ನು ಸಡಿಲ ಮಾಡಬೇಕು. ಈ ಹಂತ ಮರೆತರೆ ಎರಡು ಆಂಪ್‌ಗಳ ಔಟ್‌ಪುಟ್ ಒಂದಕ್ಕೊಂದು ನೇರ ಸೇರಿಕೊಂಡು ಆಂಪ್ ಸುಟ್ಟುಹೋಗಬಹುದು. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ನೆನಪಿಡಿ.

ಹಂತ 2. ಮಲ್ಟಿಮೀಟರ್‌ನಲ್ಲಿ ಪರೀಕ್ಷೆ. ಮೇಲಿನ ಪ್ಲಸ್‌ಗೂ ಕೆಳಗಿನ ಪ್ಲಸ್‌ಗೂ ನಡುವೆ ಕಂಟಿನ್ಯೂಟಿ (ನೇರ ಸಂಪರ್ಕ) ಇರಬಾರದು. ಮೇಲಿನ ಮೈನಸ್‌ಗೂ ಕೆಳಗಿನ ಮೈನಸ್‌ಗೂ ಇರಬಾರದು. ಮೈನಸ್‌ಗಳ ನಡುವೆ ಬೀಪ್ ಬಂದರೆ ಸ್ಪೀಕರ್ ಒಳಗೆ ಎರಡೂ ಕೂಡಿಕೊಂಡಿವೆ ಅಂತ ಅರ್ಥ, ಅಂಥ ಸ್ಪೀಕರ್‌ಗೆ ಬೈ-ಆಂಪ್ ಮಾಡಬೇಡಿ. ಕೆಳಗಿನ ಜೋಡಿಯ ರೆಸಿಸ್ಟೆನ್ಸ್ ನೋಡಿದರೆ 3ರಿಂದ 7 ಓಮ್ ತೋರಿಸುತ್ತದೆ. ಮೇಲಿನ ಜೋಡಿ ಓಪನ್ ತೋರಿಸಿದರೆ ಗಾಬರಿ ಬೇಡ. ಟ್ವೀಟರ್ ದಾರಿಯಲ್ಲಿ ಕೆಪಾಸಿಟರ್ ಇರುವುದರಿಂದ ಮೀಟರಿನ ಡಿಸಿ ಅದನ್ನು ದಾಟುವುದಿಲ್ಲ. ಟ್ವೀಟರ್ ಸುಟ್ಟಿದೆ ಅಂತ ಇದನ್ನು ನೋಡಿ ಪೆಟ್ಟಿಗೆ ಬಿಚ್ಚಿದವರಿದ್ದಾರೆ.

ಹಂತ 3. ಜೋಡಣೆ ಆರಿಸಿ. ಒಂದೇ ಮಾಡೆಲಿನ ಎರಡು ಸ್ಟೀರಿಯೊ ಆಂಪ್ ಇದ್ದರೆ ವರ್ಟಿಕಲ್ ಜೋಡಣೆ: ಎಡ ಸ್ಪೀಕರ್‌ಗೆ ಒಂದು ಆಂಪ್, ಬಲಕ್ಕೆ ಇನ್ನೊಂದು. ಆಂಪ್‌ನ ಒಂದು ಚಾನಲ್ ವೂಫರ್‌ಗೆ, ಇನ್ನೊಂದು ಟ್ವೀಟರ್‌ಗೆ. ಗೇನ್ (ಆಂಪ್ ಸಿಗ್ನಲ್ಲನ್ನು ಎಷ್ಟು ದೊಡ್ಡದು ಮಾಡುತ್ತದೆ ಅನ್ನುವುದು) ಹೊಂದಿಸುವ ತಲೆನೋವಿಲ್ಲ. ಪ್ರತಿ ಆಂಪ್ ದುಡಿಯುವುದು ಒಂದೇ ವೂಫರ್‌ಗೆ. ಆಂಪನ್ನು ಸ್ಪೀಕರ್ ಪಕ್ಕದಲ್ಲೇ ಇಟ್ಟರೆ ಸ್ಪೀಕರ್ ವೈರೂ ಗಿಡ್ಡ. ಪ್ಯಾಸಿವ್ ದಾರಿಯಲ್ಲಿ ನನ್ನ ಆಯ್ಕೆ ಇದೇ.

ಆಂಪ್‌ಗಳು ಬೇರೆ ಬೇರೆಯಾದರೆ ಹಾರಿಜಾಂಟಲ್: ಒಂದು ಆಂಪ್ ಎರಡೂ ವೂಫರ್‌ಗೆ, ಇನ್ನೊಂದು ಎರಡೂ ಟ್ವೀಟರ್‌ಗೆ. ಮೇಲೆ ವಾಲ್ವ್ ಆಂಪ್ (ಗಾಜಿನ ಟ್ಯೂಬಿನದು), ಕೆಳಗೆ ಟ್ರಾನ್ಸಿಸ್ಟರ್ ಆಂಪ್ ಹಾಕುವ ಆಸೆ ಬಹಳ ಜನಕ್ಕಿದೆ. ಮಾಡಬಹುದು. ಆದರೆ 8 ವ್ಯಾಟಿನ ವಾಲ್ವ್ ಆಂಪ್‌ಗೂ ಪೂರ್ತಿ ಹಾಡಿನ ವೋಲ್ಟೇಜೇ ಬರುತ್ತದೆ, ಬಾಸ್ ಬಂದಾಗ ಅದೇ ಮೊದಲು ಕ್ಲಿಪ್ ಆಗುತ್ತದೆ. ಮೇಲಿನ ಲೆಕ್ಕ ಮರೆಯಬೇಡಿ.

ಹಂತ 4. ಸಿಗ್ನಲ್ ಎಲ್ಲಿಂದ? ಎರಡೂ ಆಂಪ್‌ಗೆ ಒಂದೇ ವಾಲ್ಯೂಮ್ ಕಂಟ್ರೋಲ್ ದಾಟಿ ಬಂದ ಸಿಗ್ನಲ್ ಬೇಕು. ವಾಲ್ಯೂಮ್ ಕಂಟ್ರೋಲ್ ಇರುವ ಬೇರೆ ಪೆಟ್ಟಿಗೆ, ಅಂದರೆ ಪ್ರೀಆಂಪ್ ಇದ್ದರೆ ಸುಲಭ. ಪ್ರೀಆಂಪ್, ಪವರ್ ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಇಂಟಿಗ್ರೇಟೆಡ್ ಆಂಪ್ ಆದರೆ ಹಿಂದೆ ಪ್ರೀ-ಔಟ್ ಇದೆಯಾ ನೋಡಿ, ಅಲ್ಲಿಂದ ಎರಡನೇ ಪವರ್ ಆಂಪ್‌ಗೆ ಆರ್‌ಸಿಎ ಕೇಬಲ್ ಹಾಕಿ. ರೆಕ್-ಔಟ್ ಅಥವಾ ಟೇಪ್-ಔಟ್‌ನಿಂದ ತೆಗೆಯಬೇಡಿ. ಅದಕ್ಕೆ ವಾಲ್ಯೂಮ್ ಅನ್ವಯಿಸುವುದಿಲ್ಲ, ಎರಡನೇ ಆಂಪ್ ಸೀದಾ ಪೂರ್ತಿ ಜೋರಿನಲ್ಲಿ ಕಿರುಚಿಕೊಳ್ಳುತ್ತದೆ. ಒಂದು ಆಂಪ್‌ನ ಸ್ಪೀಕರ್ ಔಟ್‌ಪುಟ್ಟನ್ನು ಇನ್ನೊಂದರ ಆರ್‌ಸಿಎ ಇನ್‌ಪುಟ್‌ಗೆ ಕೊಡುವ ಸಾಹಸ ಅಂತೂ ಬೇಡವೇ ಬೇಡ.

ವರ್ಟಿಕಲ್‌ಗೆ ವೈ ಆಕಾರದ ಸ್ಪ್ಲಿಟರ್ ಕೇಬಲ್ ಬೇಕು. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ, ಬನಾನಾ ಪ್ಲಗ್ಗನ್ನೂ ಆಗಲೇ ತಂದುಬಿಡಿ. ಸ್ಪ್ಲಿಟರ್ ಹಾಕಿದಾಗ ಎರಡು ಆಂಪ್ ಚಾನಲ್‌ಗಳ ಇನ್‌ಪುಟ್ ಇಂಪೀಡೆನ್ಸ್ ಪ್ಯಾರಲಲ್ ಆಗುತ್ತದೆ: ತಲಾ 10 ಕಿಲೋ ಓಮ್ ಇದ್ದದ್ದು 5 ಕಿಲೋ ಓಮ್. ಪ್ರೀಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಇದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. ಟ್ರಾನ್ಸಿಸ್ಟರ್ ಪ್ರೀಆಂಪ್‌ಗಳಿಗೆ ಇದು ತೊಂದರೆಯೇ ಅಲ್ಲ. ವಾಲ್ವ್ ಪ್ರೀಆಂಪ್ ಅಥವಾ ಬರೀ ವಾಲ್ಯೂಮ್ ಪಾಟ್ ಇರುವ ಪ್ಯಾಸಿವ್ ಪ್ರೀ ಇದ್ದರೆ ಲೆಕ್ಕ ಹಾಕಿ ನೋಡಿ.

ಹಂತ 5. ಗೇನ್ ಹೊಂದಿಸುವುದು. ಹಾರಿಜಾಂಟಲ್ ಜೋಡಣೆಯಲ್ಲಿ ಎಡವುವುದು ಇಲ್ಲೇ. ಪವರ್ ಆಂಪ್‌ಗಳ ಗೇನ್ ಸಾಮಾನ್ಯವಾಗಿ 26ರಿಂದ 32 ಡಿಬಿ ನಡುವೆ ಎಲ್ಲೋ ಇರುತ್ತದೆ. ವ್ಯಾಟ್ ಜಾಸ್ತಿ ಇರುವ ಆಂಪ್‌ಗೆ ಗೇನೂ ಜಾಸ್ತಿ ಇರಬೇಕೆಂದೇನಿಲ್ಲ. ಟ್ವೀಟರ್ ಆಂಪ್ 3 ಡಿಬಿ ಜೋರಿದ್ದರೆ ಮೊದಲ ದಿನ ‘ಆಹಾ, ಎಷ್ಟು ಸ್ಪಷ್ಟ’ ಅನ್ನಿಸುತ್ತದೆ. ಒಂದು ವಾರಕ್ಕೆ ತಲೆನೋವು ಶುರು.

ಅಳೆಯುವುದು ಹೀಗೆ. ಎರಡೂ ಟ್ರಾನ್ಸಿಸ್ಟರ್ ಆಂಪ್ ಆದರೆ ಸ್ಪೀಕರ್ ವೈರು ಬಿಚ್ಚಿಡಿ. 200 ಹರ್ಟ್ಸ್ ಸೈನ್ ಟೋನ್ ಹಾಕಿ. ಮಲ್ಟಿಮೀಟರ್ ಎಸಿ ವೋಲ್ಟ್‌ನಲ್ಲಿರಲಿ. ಸಾಧಾರಣ ಮೀಟರ್‌ಗಳು ತುಂಬಾ ಎತ್ತರದ ಸ್ವರಗಳನ್ನು ಸರಿಯಾಗಿ ಅಳೆಯುವುದಿಲ್ಲ, ಅದಕ್ಕೇ 200. ಮೊದಲ ಆಂಪ್‌ನ ಟರ್ಮಿನಲ್‌ನಲ್ಲಿ 2 ವೋಲ್ಟ್ ಬರುವವರೆಗೆ ವಾಲ್ಯೂಮ್ ಏರಿಸಿ, ಅಲ್ಲೇ ಬಿಡಿ. ಈಗ ಎರಡನೇ ಆಂಪ್ ಅಳೆಯಿರಿ. 2.8 ವೋಲ್ಟ್ ಬಂದರೆ ಅದು 3 ಡಿಬಿ ಜೋರು. 4 ವೋಲ್ಟ್ ಬಂದರೆ 6 ಡಿಬಿ. ಯಾವುದು ಜೋರೋ ಅದರ ಗೇನ್ ಇಳಿಸಬೇಕು. ಅದಕ್ಕೆ ಗೇನ್ ಗುಂಡಿ ಇದ್ದರೆ 2 ವೋಲ್ಟ್‌ಗೆ ತಂದು ಮೇಲೆ ಟೇಪ್ ಅಂಟಿಸಿ. ಇಲ್ಲದಿದ್ದರೆ ಆರ್‌ಸಿಎ ಕೇಬಲ್‌ಗೆ ಸಿಕ್ಕಿಸುವ ಅಟೆನ್ಯುಯೇಟರ್ ಸಿಗುತ್ತವೆ. 2 ವೋಲ್ಟ್‌ಗೆ 0.1 ವೋಲ್ಟ್ ಹೆಚ್ಚುಕಡಿಮೆಯಾದರೆ ವ್ಯತ್ಯಾಸ 0.4 ಡಿಬಿ, ನಡೆಯುತ್ತದೆ. ಎರಡೂ ಚಾನಲ್ ಅಳೆಯಿರಿ. ಪ್ರೋಬಿನ ಮೊನೆ ಕೆಂಪು-ಕಪ್ಪು ಎರಡಕ್ಕೂ ಒಟ್ಟಿಗೆ ತಾಗದಂತೆ ಹುಷಾರು.

ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ಓಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಅಪಾಯ. ಸರಿಯಾದ ವ್ಯಾಟಿನ 8 ಓಮ್ ರೆಸಿಸ್ಟರ್ ಹಾಕಿ ಅಳೆಯಿರಿ.

ಹಂತ 6. ವೈರು ಹಾಕಿ, ಕಡಿಮೆ ವಾಲ್ಯೂಮ್‌ನಲ್ಲಿ ಶುರು ಮಾಡಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಆಂಪ್ ಮಾತ್ರ ಆನ್ ಮಾಡಿ ಯಾವ ಡ್ರೈವರ್ (ವೂಫರೋ ಟ್ವೀಟರೋ) ಹಾಡುತ್ತಿದೆ ಅಂತ ಕಿವಿ ಹತ್ತಿರ ತಂದು ಕೇಳಿ. ಅದನ್ನು ಆಫ್ ಮಾಡಿ ಇನ್ನೊಂದು. ಪ್ಯಾಸಿವ್ ದಾರಿಯ ದೊಡ್ಡ ಸಮಾಧಾನ ಅಂದರೆ, ಮೇಲೆ-ಕೆಳಗೆ ಅದಲುಬದಲಾದರೂ ಏನೂ ಸುಡುವುದಿಲ್ಲ. ಒಳಗಿನ ಕ್ರಾಸ್‌ಓವರ್ ಕಾಯುತ್ತದೆ.

ಈಗಿನ ಅಗ್ಗದ ಕ್ಲಾಸ್-ಡಿ ಆಂಪ್‌ಗಳ ಬಗ್ಗೆ ಒಂದು ಮಾತು. ಟಿಪಿಎ3116, ಟಿಪಿಎ3255 ಥರದ ಚಿಪ್ ಇರುವವುಗಳು ಸಾಮಾನ್ಯವಾಗಿ ಬ್ರಿಡ್ಜ್ ಔಟ್‌ಪುಟ್‌ನವು. ಅವುಗಳ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಎರಡು ಚಾನಲ್‌ಗಳ ಕಪ್ಪನ್ನು ಯಾವ ಕಾರಣಕ್ಕೂ ಒಟ್ಟಿಗೆ ಕಟ್ಟಬೇಡಿ.

ಕೇಳಿ ನೋಡುವಾಗ ಮೊದಲಿನ ಮತ್ತು ಈಗಿನ ಜೋರು ಒಂದೇ ಇರಲಿ. 1 ಡಿಬಿ ಜೋರಾದರೂ ಕಿವಿ ಅದನ್ನೇ ‘ಚೆನ್ನ’ ಅಂತ ಒಪ್ಪಿಬಿಡುತ್ತದೆ. ವ್ಯತ್ಯಾಸ ಏನೂ ಕೇಳಿಸಲಿಲ್ಲ ಅಂದರೆ ನಿಮ್ಮ ಕಿವಿಯಲ್ಲಿ ದೋಷವಿಲ್ಲ.

ಹೋಂ ಥಿಯೇಟರಿನ ಎವಿ ರಿಸೀವರ್ ಇರುವವರಿಗೆ ಇದೇ ಕೆಲಸ ಮೆನುವಿನಲ್ಲೇ ಇರುತ್ತದೆ. ಡೆನಾನ್, ಮರಾಂಟ್ಜ್, ಯಮಹಾದ ಅನೇಕ 7 ಚಾನಲ್ ರಿಸೀವರ್‌ಗಳಲ್ಲಿ ಆಂಪ್ ಅಸೈನ್ ಅನ್ನುವ ಕಡೆ ಹೋಗಿ ಬೈ-ಆಂಪ್ ಆರಿಸಿದರೆ, ಖಾಲಿ ಇರುವ ಸರೌಂಡ್ ಬ್ಯಾಕ್ ಚಾನಲ್‌ಗಳು ಮುಂದಿನ ಸ್ಪೀಕರ್‌ಗಳಿಗೆ ಸಿಗುತ್ತವೆ. ಎಲ್ಲ ಚಾನಲ್‌ಗೂ ಪವರ್ ಸಪ್ಲೈ ಒಂದೇ ಆದ್ದರಿಂದ ಲಾಭ ಇನ್ನೂ ಕಡಿಮೆ. ಪುಕ್ಕಟೆ ಸಿಗುವುದಾದರೆ ಮಾಡಿ ನೋಡಿ, ಇದಕ್ಕೋಸ್ಕರ ರಿಸೀವರ್ ಕೊಳ್ಳಬೇಡಿ.

ಎರಡನೇ ದಾರಿ: ಸಬ್‌ವೂಫರ್ ಜೊತೆ ಹೈ-ಪಾಸ್

ಇದನ್ನು ಯಾರೂ ಬೈ-ಆಂಪಿಂಗ್ ಅಂತ ಕರೆಯುವುದಿಲ್ಲ. ಆದರೆ ಇದು ನಿಜವಾದ ಆಕ್ಟಿವ್ ಬೈ-ಆಂಪಿಂಗೇ. ಸಬ್‌ವೂಫರ್ ಒಳಗೆ ಅದರದೇ ಆಂಪ್ ಇದೆ. 80 ಹರ್ಟ್ಸ್‌ಗಿಂತ ಕೆಳಗಿನದು ಅದಕ್ಕೆ, ಮೇಲಿನದು ನಿಮ್ಮ ಆಂಪ್ ಮತ್ತು ಸ್ಪೀಕರ್‌ಗೆ. ಭಾಗ ಆಗುವುದು ಆಂಪ್‌ಗಿಂತ ಮೊದಲು. ಸ್ಪೀಕರ್ ಬಿಚ್ಚಬೇಕಿಲ್ಲ, ಟ್ವೀಟರ್ ಸುಡುವ ಭಯವಿಲ್ಲ. ನನ್ನನ್ನು ಕೇಳಿದರೆ ಹೆಚ್ಚಿನ ಮನೆಗಳಿಗೆ ದುಡ್ಡಿಗೆ ತಕ್ಕ ಲಾಭ ಸಿಗುವುದು ಇಲ್ಲೇ.

ಜನ ಅರ್ಧ ಕೆಲಸ ಮಾಡಿ ನಿಲ್ಲಿಸುತ್ತಾರೆ. ಸಬ್ ಸೇರಿಸುತ್ತಾರೆ, ಮುಖ್ಯ ಸ್ಪೀಕರ್‌ಗೆ ಮಾತ್ರ ಪೂರ್ತಿ ಬಾಸ್ ಹಾಗೇ ಹೋಗುತ್ತಿರುತ್ತದೆ. ಹಾಗಾದರೆ ನಿಮ್ಮ ಆಂಪ್‌ಗೆ ಹೊರೆ ಇಳಿಯಲಿಲ್ಲ, ಅಲ್ವಾ? ಅಷ್ಟೇ ಜೋರಿನಲ್ಲಿ ಒಂದು ಆಕ್ಟೇವ್ ಕೆಳಗಿಳಿದರೆ ವೂಫರ್‌ನ ಕೋನ್ ನಾಲ್ಕು ಪಟ್ಟು ಹೆಚ್ಚು ಚಲಿಸಬೇಕು. 80 ಹರ್ಟ್ಸ್‌ನಲ್ಲಿ 1 ಮಿಲಿಮೀಟರ್ ಆಡುವ ಕೋನ್ 40 ಹರ್ಟ್ಸ್‌ಗೆ 4 ಮಿಲಿಮೀಟರ್ ಆಡಬೇಕು. ಆರೂವರೆ ಇಂಚಿನ ವೂಫರ್ ಅದೇ ಹೊತ್ತಿಗೆ ಹಾಡುಗಾರರ ದನಿಯನ್ನೂ ನುಡಿಸಬೇಕು. ಹೈ-ಪಾಸ್ (ಕೆಳಗಿನ ಸ್ವರ ತಡೆದು ಮೇಲಿನದನ್ನಷ್ಟೇ ಬಿಡುವ ಫಿಲ್ಟರ್) ಹಾಕಿ ಆ ಕೆಲಸ ಕಳಚಿದ ತಕ್ಷಣ ದನಿ ತಿಳಿಯಾಗುತ್ತದೆ. ಇದನ್ನು ಕೇಳಲು ಚಿನ್ನದ ಕಿವಿ ಬೇಕಿಲ್ಲ.

ಮಾಡುವುದು ಹೀಗೆ. ಎವಿ ರಿಸೀವರ್ ಆದರೆ ಮುಂದಿನ ಸ್ಪೀಕರ್‌ಗಳನ್ನು ‘ಸ್ಮಾಲ್’ ಅಂತ ಆರಿಸಿ, ಕ್ರಾಸ್‌ಓವರ್ 80 ಹರ್ಟ್ಸ್ ಇಡಿ, ಮುಗಿಯಿತು. ಸ್ಪೀಕರ್ ಎಷ್ಟೇ ದೊಡ್ಡದಿದ್ದರೂ ಸ್ಮಾಲ್ ಅನ್ನಲು ನಾಚಿಕೆ ಬೇಡ. ಸ್ಟೀರಿಯೊ ಆದರೆ ಮಿನಿಡಿಎಸ್‌ಪಿ 2x4 ಎಚ್‌ಡಿ ಥರದ ಡಿಎಸ್‌ಪಿ, ಅಂದರೆ ಸಿಗ್ನಲ್ಲನ್ನು ಡಿಜಿಟಲ್ ಆಗಿ ಭಾಗ ಮಾಡುವ ಪೆಟ್ಟಿಗೆ ಬೇಕು. ಎರಡು ಇನ್‌ಪುಟ್, ನಾಲ್ಕು ಔಟ್‌ಪುಟ್. ಪ್ರೀಆಂಪ್‌ನಿಂದ ಅದಕ್ಕೆ, ಅದರ 1 ಮತ್ತು 2ರಿಂದ ಪವರ್ ಆಂಪ್‌ಗೆ, 3 ಮತ್ತು 4ರಿಂದ ಸಬ್‌ಗೆ. ಇಂಟಿಗ್ರೇಟೆಡ್ ಆಂಪ್‌ನಲ್ಲಿ ಪ್ರೀ-ಔಟ್, ಮೇನ್-ಇನ್ ಬೇರೆ ಬೇರೆ ಇದ್ದರೆ ಡಿಎಸ್‌ಪಿಯನ್ನು ಇವೆರಡರ ನಡುವೆ ಸಿಕ್ಕಿಸಿ. ಅವು ಇಲ್ಲದಿದ್ದರೆ ವಾಲ್ಯೂಮ್ ಕಂಟ್ರೋಲ್ ಇರುವ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಬೇಕಾಗುತ್ತದೆ. ಡ್ಯಾಕ್, ಆಮೇಲೆ ಡಿಎಸ್‌ಪಿ, ಆಮೇಲೆ ಆಂಪ್. ಆಂಪ್‌ನ ವಾಲ್ಯೂಮ್ ಒಂದೇ ಜಾಗದಲ್ಲಿ ನಿಲ್ಲಿಸಿ ಡ್ಯಾಕ್‌ನಲ್ಲೇ ಏರಿಸಿ ಇಳಿಸಿ.

ಸಬ್‌ನ ಸ್ವಂತ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಇಲ್ಲದಿದ್ದರೆ ಎರಡೆರಡು ಬಾರಿ ಕತ್ತರಿಸಿದಂತಾಗುತ್ತದೆ. 80 ಹರ್ಟ್ಸ್ ಟೋನ್ ಹಾಕಿ, ನೀವು ಕೂರುವ ಜಾಗದಲ್ಲೇ ಕೂತು, ಇನ್ನೊಬ್ಬರಿಂದ ಸಬ್‌ನ ಫೇಸ್ ಸ್ವಿಚ್ಚನ್ನು 0ಗೆ ಒಮ್ಮೆ, 180ಕ್ಕೆ ಒಮ್ಮೆ ಹಾಕಿಸಿ. ಯಾವುದು ಜೋರೋ ಅದು ಸರಿ.

ಮೂರನೇ ದಾರಿ: ಪೂರ್ತಿ ಆಕ್ಟಿವ್

ಬ್ರಿಟನ್ನಿನ ನೈಮ್, ಲಿನ್ ಕಂಪನಿಗಳು ಮನೆಯ ಗಿರಾಕಿಗಳಿಗೆ ಇದನ್ನು ದಶಕಗಳ ಕಾಲ ಮಾರಿವೆ. ಸ್ಪೀಕರ್ ಒಳಗಿನ ಕ್ರಾಸ್‌ಓವರ್ ತೆಗೆದು, ಪ್ರತಿ ಡ್ರೈವರ್‌ಗೂ ನೇರವಾಗಿ ಒಂದು ಆಂಪ್ ಚಾನಲ್. ಮೊದಲಿನ ಲೆಕ್ಕದ ಪೂರ್ತಿ ಲಾಭ ಇಲ್ಲಿದೆ. ಪೂರ್ತಿ ಅಪಾಯವೂ ಇಲ್ಲೇ.

ವಾರಂಟಿ ಇರುವ ಒಳ್ಳೆಯ ಸ್ಪೀಕರ್‌ಗೆ ಕತ್ತರಿ ಹಾಕಬೇಡಿ. ಆ ಬೋರ್ಡು ಬರೀ ಭಾಗ ಮಾಡುವ ಕೆಲಸವಷ್ಟೇ ಮಾಡುತ್ತಿರಲಿಲ್ಲ. ಟ್ವೀಟರ್ ಜೋರಿದ್ದರೆ ತಗ್ಗಿಸುತ್ತಿತ್ತು, ವೂಫರ್‌ನ ಒಂದು ಕಡೆಯ ಉಬ್ಬು ಸರಿಮಾಡುತ್ತಿತ್ತು, ಪೆಟ್ಟಿಗೆಯ ಅಗಲದಿಂದಾಗುವ ಬಾಸ್ ನಷ್ಟ ತುಂಬುತ್ತಿತ್ತು. ಅದನ್ನು ಕಿತ್ತ ಮೇಲೆ ಇವೆಲ್ಲ ನಿಮ್ಮ ತಲೆಗೆ. ಕ್ರಾಸ್‌ಓವರ್ ಕೆಟ್ಟ ಹಳೇ ಸ್ಪೀಕರ್ ಅಥವಾ ಸ್ವಂತ ಕಟ್ಟಿದ ಪೆಟ್ಟಿಗೆ ಇದಕ್ಕೆ ತಕ್ಕದ್ದು. ಕೆಳಗಿನದು ಆರೂವರೆ ಇಂಚಿನ ವೂಫರ್, ಒಂದು ಇಂಚಿನ ಡೋಮ್ ಟ್ವೀಟರ್ ಇರುವ ಟೂ-ವೇ ಸ್ಪೀಕರಿನ ಲೆಕ್ಕ.

ಹಂತ 1. ಎರಡು ಸ್ಟೀರಿಯೊ ಆಂಪ್, ಒಂದು ನಾಲ್ಕು ಔಟ್‌ಪುಟ್ ಡಿಎಸ್‌ಪಿ, ಅಳೆಯಲು ಒಂದು ಮೈಕ್ ಇರಲಿ. ಮೈಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಯುಮಿಕ್-1 ಥರದ ಯುಎಸ್‌ಬಿ ಮೈಕ್‌ಗೆ ಅದರದೇ ಕ್ಯಾಲಿಬ್ರೇಷನ್ ಫೈಲ್ ಬರುತ್ತದೆ. ರೂಮ್ ಇಕ್ಯೂ ವಿಜರ್ಡ್ ಅನ್ನುವ ಸಾಫ್ಟ್‌ವೇರ್ ಉಚಿತ. ವೂಫರ್‌ಗೆ 50–100 ವ್ಯಾಟ್, ಟ್ವೀಟರ್‌ಗೆ 25 ವ್ಯಾಟ್ ಸಾಕು. ಟ್ವೀಟರ್ ಆಂಪ್‌ನಲ್ಲಿ ವ್ಯಾಟ್‌ಗಿಂತ ನಿಶ್ಶಬ್ದ ನೋಡಿ. ನಡುವೆ ತಗ್ಗಿಸುವ ರೆಸಿಸ್ಟರ್ ಇಲ್ಲದ್ದರಿಂದ ಆಂಪ್‌ನ ಹಿಸ್ ಸದ್ದು ಸೀದಾ ಕೇಳುತ್ತದೆ. ಗೇನ್ ಕಡಿಮೆ ಇರುವ ಆಂಪ್ ಒಳ್ಳೆಯದು.

ಹಂತ 2. ಡ್ರೈವರ್‌ಗಳಿಂದ ನೇರ ವೈರು ಹೊರಗೆ ತನ್ನಿ. ಟ್ವೀಟರ್‌ನ ಪ್ಲಸ್ ವೈರಿಗೆ ಸರಣಿಯಲ್ಲಿ ಒಂದು ಕಾವಲು ಕೆಪಾಸಿಟರ್ ಹಾಕಿ. ಆಂಪ್ ಆನ್ ಆಗುವಾಗಿನ ಧಡ್ ಸದ್ದು, ಆಂಪ್ ಕೆಟ್ಟರೆ ಬರುವ ಡಿಸಿ, ಎರಡನ್ನೂ ಅದು ತಡೆಯುತ್ತದೆ. ಕ್ರಾಸ್‌ಓವರ್ 2400 ಹರ್ಟ್ಸ್ ಇದ್ದರೆ ಕೆಪಾಸಿಟರ್‌ನ ಮೂಲೆ (ಅದು ಸದ್ದು ತಡೆಯಲು ಶುರುಮಾಡುವ ಸ್ವರ) ಅದಕ್ಕಿಂತ ಎರಡು ಆಕ್ಟೇವ್ ಕೆಳಗೆ, 600 ಹರ್ಟ್ಸ್‌ನಲ್ಲಿರಲಿ. 8 ಓಮ್ ಟ್ವೀಟರ್‌ಗೆ ಅದು 33 ಮೈಕ್ರೋಫ್ಯಾರಡ್. 100 ವೋಲ್ಟ್‌ನ ಫಿಲ್ಮ್ ಅಥವಾ ಬೈಪೋಲಾರ್ ಕೆಪಾಸಿಟರ್ ತನ್ನಿ. ಪ್ಲಸ್-ಮೈನಸ್ ಗುರುತಿರುವ ಮಾಮೂಲಿ ಎಲೆಕ್ಟ್ರೊಲಿಟಿಕ್ ಬೇಡ.

ಹಂತ 3. ಡಿಎಸ್‌ಪಿ ಸೆಟ್ಟಿಂಗ್ ಮುಗಿಯುವವರೆಗೆ ಟ್ವೀಟರ್ ಹತ್ತಿರವೂ ಹೋಗಬೇಡಿ. ಕ್ರಾಸ್‌ಓವರ್ ಸ್ವರ ಆರಿಸಲು ಎರಡು ಗಡಿ ನೋಡಿ. ಟ್ವೀಟರ್‌ನ ರೆಸೊನೆನ್ಸ್ (ಅದು ತಾನಾಗಿಯೇ ಹೆಚ್ಚು ಕಂಪಿಸುವ ಸ್ವರ) ಎಷ್ಟೋ ಅದರ ಎರಡು ಪಟ್ಟಿಗಿಂತ ಮೇಲಿರಬೇಕು. ಡೇಟಾಶೀಟ್‌ನಲ್ಲಿ 900 ಹರ್ಟ್ಸ್ ಅಂತಿದ್ದರೆ 1800ಕ್ಕಿಂತ ಕೆಳಗೆ ಇಳಿಯಬಾರದು. ಇನ್ನೊಂದು ಕಡೆ, ಆರೂವರೆ ಇಂಚಿನ ವೂಫರ್‌ನ ಕೋನ್ ಸುಮಾರು 13 ಸೆಂಟಿಮೀಟರ್. ಸದ್ದಿನ ಅಲೆಯ ಉದ್ದ ಅಷ್ಟಾಗುವುದು 2600 ಹರ್ಟ್ಸ್ ಸುಮಾರಿಗೆ. ಅಲ್ಲಿಂದ ಮೇಲೆ ವೂಫರ್ ಸದ್ದನ್ನು ಮುಂದಕ್ಕೆ ಮಾತ್ರ ಎಸೆಯುತ್ತದೆ, ಪಕ್ಕದಲ್ಲಿ ಕೂತವರಿಗೆ ಸಿಗುವುದಿಲ್ಲ. ಹಾಗಾಗಿ 2000–2400 ನಡುವೆ ಆರಿಸಿ.

ಫಿಲ್ಟರ್ ಪಟ್ಟಿಯಲ್ಲಿ ಲಿಂಕ್‌ವಿಟ್ಜ್-ರೈಲಿ 24 ಡಿಬಿ ತೆಗೆದುಕೊಳ್ಳಿ. ಹ್ಯೂಲೆಟ್-ಪ್ಯಾಕರ್ಡ್‌ನ ಇಂಜಿನಿಯರುಗಳಾಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ 1970ರ ದಶಕದಲ್ಲಿ ರೂಪಿಸಿದ ವಿನ್ಯಾಸ ಇದು. ಭಾಗವಾಗುವ ಜಾಗದಲ್ಲಿ ಎರಡೂ ಕಡೆ 6 ಡಿಬಿ ಇಳಿದಿರುತ್ತದೆ, ಎರಡೂ ಒಂದೇ ಫೇಸ್‌ನಲ್ಲಿರುತ್ತವೆ, ಕೂಡಿದಾಗ ಸಪಾಟು.

ಹಂತ 4. ಮನೆಯಲ್ಲಿ ಬಿದ್ದಿರುವ ಯಾವುದಾದರೂ ಅಗ್ಗದ ಸ್ಪೀಕರ್ ತಂದು ಟ್ವೀಟರ್ ಆಂಪ್‌ಗೆ ಹಾಕಿ. ಹಾಡು ಬಿಡಿ. ಬರೀ ಚಿಸ್ ಚಿಸ್ ಕೇಳಬೇಕು. ಮೃದಂಗ ಕೇಳಿದರೆ ಔಟ್‌ಪುಟ್ ಅದಲುಬದಲಾಗಿದೆ. ನಾಲ್ಕೂ ಚಾನಲ್ ಹೀಗೇ ನೋಡಿ, ಕೇಬಲ್‌ಗಳಿಗೆ ಚೀಟಿ ಅಂಟಿಸಿ, ಆಮೇಲೆ ನಿಜವಾದ ಟ್ವೀಟರ್ ಜೋಡಿಸಿ. ಇಲ್ಲಿ ವೈರು ಅದಲುಬದಲಾದರೆ ಕಾಯುವವರು ಯಾರೂ ಇಲ್ಲ.

ಹಂತ 5. ಅಳೆಯುವುದು. ಸ್ಪೀಕರನ್ನು ಕೋಣೆಯ ನಡುವೆ ಸ್ಟೂಲಿನ ಮೇಲಿಡಿ, ಮೈಕ್ ಟ್ವೀಟರ್ ಎತ್ತರಕ್ಕೆ 1 ಮೀಟರ್ ದೂರದಲ್ಲಿ. ವೂಫರ್, ಟ್ವೀಟರ್ ಬೇರೆ ಬೇರೆ ಅಳೆದು ಮಟ್ಟ ಹೊಂದಿಸಿ. ಟ್ವೀಟರನ್ನು ಹಲವು ಡಿಬಿ ಇಳಿಸಬೇಕಾಗಿ ಬರುವುದು ಮಾಮೂಲಿ. ನೆನಪಿಡಬೇಕಾದ ವಿಷಯ, ಡಿಎಸ್‌ಪಿಯ ಗೆರೆ ಲಿಂಕ್‌ವಿಟ್ಜ್-ರೈಲಿ ಇದ್ದರೆ ಸಾಲದು. ಡ್ರೈವರ್ ತಾನೂ ಸ್ವಲ್ಪ ಇಳಿಯುತ್ತಿರುತ್ತದೆ. ಮೈಕ್ ತೋರಿಸುವ ಗೆರೆ ಆ ಆಕಾರಕ್ಕೆ ಬರುವವರೆಗೆ ಇಕ್ಯೂ (ಈಕ್ವಲೈಜರ್) ಹಾಕಿ ತಿದ್ದಿ. 20 ಸೆಂಟಿಮೀಟರ್ ಅಗಲದ ಪೆಟ್ಟಿಗೆಯಾದರೆ ಸುಮಾರು 575 ಹರ್ಟ್ಸ್‌ನಿಂದ ಕೆಳಕ್ಕೆ ಬಾಸ್ ತಗ್ಗುತ್ತಾ ಹೋಗುತ್ತದೆ. ಶೆಲ್ಫ್ ಫಿಲ್ಟರ್ ಹಾಕಿ ಅದರ ಕೆಳಗಿನದನ್ನೆಲ್ಲ 3–5 ಡಿಬಿ ಏರಿಸಬೇಕು. ಗೋಡೆಗೆ ಹತ್ತಿರ ಇಡುವವರಾದರೆ ಕಡಿಮೆ ಸಾಕು.

ಹಂತ 6. ಡಿಲೇ. ಟ್ವೀಟರ್‌ನ ಕಾಯಿಲು ವೂಫರ್‌ನದಕ್ಕಿಂತ ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ಮುಂದಿರುತ್ತದೆ. 2.5 ಸೆಂಟಿಮೀಟರ್‌ಗೆ ಸುಮಾರು 0.07 ಮಿಲಿಸೆಕೆಂಡು. ಟ್ವೀಟರ್‌ಗೆ ಅಷ್ಟು ಡಿಲೇ ಕೊಟ್ಟು ಶುರು ಮಾಡಿ. ಈಗ ಡಿಎಸ್‌ಪಿಯಲ್ಲಿ ಟ್ವೀಟರ್‌ನ ಪೋಲಾರಿಟಿ ಉಲ್ಟಾ ಮಾಡಿ ಅಳೆಯಿರಿ. ಕ್ರಾಸ್‌ಓವರ್ ಜಾಗದಲ್ಲಿ ಆಳವಾದ ಹಳ್ಳ ಬೀಳಬೇಕು. ಡಿಲೇಯನ್ನು ಚೂರು ಚೂರೇ ಬದಲಿಸಿ ಹಳ್ಳ ಎಲ್ಲಿ ಅತಿ ಆಳವಾಗುತ್ತದೋ ಅಲ್ಲಿ ನಿಲ್ಲಿಸಿ, ಪೋಲಾರಿಟಿ ಮತ್ತೆ ಸರಿ ಮಾಡಿ. ಸರಿಯಾದ ಪೋಲಾರಿಟಿಯಲ್ಲೇ ಹಳ್ಳ ಕಂಡರೆ ಎಲ್ಲೋ ಕೆಂಪು-ಕಪ್ಪು ತಿರುಗಿದೆ.

ಕರೆಂಟು ಮತ್ತು ಗುಂಯ್ ಸದ್ದು

ಆಂಪ್ ಒಂದಿದ್ದಾಗ ಇಲ್ಲದ ಗುಂಯ್ ಸದ್ದು ಎರಡಾದಾಗ ಶುರುವಾಗಬಹುದು. ಪೆಟ್ಟಿಗೆಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆಗುವ ಗ್ರೌಂಡ್ ಲೂಪ್ ಇದರ ಮಾಮೂಲಿ ಕಾರಣ. ಎಲ್ಲ ಪೆಟ್ಟಿಗೆಗಳ ಪ್ಲಗ್ಗನ್ನೂ ಒಂದೇ ಗೋಡೆಯ ಸಾಕೆಟ್‌ನಿಂದ ಬಂದ ಒಂದೇ ಬೋರ್ಡಿಗೆ ಹಾಕಿ. ಆರ್‌ಸಿಎ ಕೇಬಲ್ ಗಿಡ್ಡ ಇರಲಿ, ಪವರ್ ಕಾರ್ಡಿನ ಜೊತೆ ಕಟ್ಟಬೇಡಿ. ಕೇಬಲ್ ಟಿವಿ ಬಾಕ್ಸ್ ಸೇರಿಕೊಂಡಿದ್ದರೆ ಅದರ ಕೇಬಲ್ ಕಿತ್ತು ನೋಡಿ, ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ. ಅರ್ಥ್ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಅಂತ ಸಲಹೆ ಕೊಡುವವರ ಮಾತು ಕೇಳಬೇಡಿ, ಅದು ಜೀವಕ್ಕೆ ಅಪಾಯ. ಆಂಪ್‌ನ ಪೆಟ್ಟಿಗೆಯೇ ಗುರ್ ಅನ್ನುತ್ತಿದ್ದರೆ, ಅದೂ ಇನ್ವರ್ಟರ್ ಮೇಲಿದ್ದಾಗ ಮಾತ್ರ ಅಂದರೆ, ಸ್ಕ್ವೇರ್ ವೇವ್ ಇನ್ವರ್ಟರ್‌ನ ಪ್ರಭಾವ. ಕರೆಂಟಿಲ್ಲದಾಗ ಹಾಡು ನಿಲ್ಲಿಸುವುದೇ ವಾಸಿ.

ಆನ್ ಮಾಡುವಾಗ ಮೊದಲು ಪ್ಲೇಯರ್, ಆಮೇಲೆ ಡಿಎಸ್‌ಪಿ, ಕೊನೆಗೆ ಆಂಪ್. ಆಫ್ ಮಾಡುವಾಗ ಆಂಪ್ ಮೊದಲು. ಎರಡು ದೊಡ್ಡ ಆಂಪ್‌ಗಳನ್ನು ಒಂದೇ ಸ್ವಿಚ್ಚಿನಲ್ಲಿ ಒಟ್ಟಿಗೆ ಆನ್ ಮಾಡಿದರೆ ಟೊರಾಯ್ಡ್ ಟ್ರಾನ್ಸ್‌ಫಾರ್ಮರ್‌ಗಳು ಮೊದಲ ಕ್ಷಣಕ್ಕೆ ಎಳೆಯುವ ಕರೆಂಟಿಗೆ ಎಂಸಿಬಿ ಬೀಳಬಹುದು. ಕೆಲವು ಸೆಕೆಂಡು ಬಿಟ್ಟು ಒಂದೊಂದೇ ಹಾಕಿ.

ನಮ್ಮ ಕಡೆ ಈ ಕ್ರಮವನ್ನು ಕೆಡಿಸುವುದು ಕರೆಂಟು ಹೋಗಿ ಬರುವುದು. ವಾಪಸ್ ಬಂದಾಗ ಎಲ್ಲವೂ ಒಟ್ಟಿಗೆ ಆನ್ ಆಗುತ್ತವೆ. ಡಿಎಸ್‌ಪಿ ಇನ್ನೂ ಏಳುತ್ತಿರುವಾಗಲೇ ಆಂಪ್ ತಯಾರಾಗಿ ನಿಂತಿರುತ್ತದೆ, ಧಡ್ ಅನ್ನುತ್ತದೆ. ಕರೆಂಟು ಹೋದ ತಕ್ಷಣ ಎದ್ದು ಆಂಪ್‌ಗಳ ಸ್ವಿಚ್ ಆಫ್ ಮಾಡುವುದು ಒಂದು ಉಪಾಯ, ಮನೆಯಲ್ಲಿ ನೀವಿದ್ದರೆ. ಇಲ್ಲದಿದ್ದರೆ ಫ್ರಿಜ್ಜಿನ ಸ್ಟೆಬಿಲೈಜರ್‌ನಲ್ಲಿರುವಂಥ ಟೈಮ್ ಡಿಲೇ ರಿಲೇ ಒಂದನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಲಿ ಆಂಪ್‌ಗಳ ಲೈನಿಗೆ ಮಾತ್ರ ಹಾಕಿಸಿ. ಆಂಪ್‌ನಲ್ಲಿ 12 ವೋಲ್ಟ್ ಟ್ರಿಗರ್ ಇನ್‌ಪುಟ್ ಇದ್ದು, ಪ್ರೀಆಂಪ್ ಅಥವಾ ಡಿಎಸ್‌ಪಿಯಲ್ಲಿ ಟ್ರಿಗರ್ ಔಟ್ ಇದ್ದರೆ ಇನ್ನೂ ಸಲೀಸು: ಒಂದು ಸಣ್ಣ ಕೇಬಲ್ ಹಾಕಿ, ಆಂಪ್‌ಗಳ ಮುಂದಿನ ಸ್ವಿಚ್ ಮುಟ್ಟುವ ಕೆಲಸವೇ ಇರುವುದಿಲ್ಲ.